ಮನೆಯ ದುರಸ್ತಿ, ಮೇಸ್ತ್ರಿಯ ಲೆಕ್ಕ

ಹಳೆಯ ಮನೆಯನ್ನು ನವೀಕರಿಸಲು ಹೊರಟ ಗೃಹಸ್ಥರು ಬಣ್ಣ, ಟೈಲ್ಸು, ನಲ್ಲಿಗಳ ಆಯ್ಕೆಯಲ್ಲಿ ವಾರಗಟ್ಟಲೆ ಕಳೆಯುವರಾದರೂ, ಗುತ್ತಿಗೆದಾರನಿಗೆ ಹಣವನ್ನು ಯಾವಾಗ, ಎಷ್ಟು, ಯಾವ ಕೆಲಸ ಮುಗಿದ ಮೇಲೆ ಸಲ್ಲಿಸತಕ್ಕದ್ದೆಂಬುದನ್ನು ಬಾಯಿಮಾತಿಗೇ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಮನೆಯೊಡೆಯನಿಗೂ ಮೇಸ್ತ್ರಿಗೂ ನಡುವೆ ಹುಟ್ಟುವ ವೈಮನಸ್ಯಕ್ಕೆ ಕೆಲಸದ ದೋಷಕ್ಕಿಂತ ಹೆಚ್ಚಾಗಿ ಈ ಅಸ್ಪಷ್ಟತೆಯೇ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ.

ಗುತ್ತಿಗೆಯು ಕೂಲಿಗೆ ಮಾತ್ರವೋ, ಸಾಮಗ್ರಿ ಸಹಿತವೋ ಎಂಬುದು ಮೊದಲು ನಿಶ್ಚಯವಾಗಬೇಕು. ಸಾಮಗ್ರಿ ಸಹಿತವಾದರೆ ಸಿಮೆಂಟು, ಪೈಪು, ತಂತಿಗಳ ಗುಣಮಟ್ಟವನ್ನು ಹೆಸರಿಸಿ ಬರೆದಿಡಬೇಕು. ನೆಲವನ್ನು ಅಗೆದಾಗ ತುಕ್ಕು ಹಿಡಿದ ಕೊಳವೆ ಕಾಣಿಸಿಕೊಳ್ಳುವುದು ದುರಸ್ತಿಯಲ್ಲಿ ಸಾಮಾನ್ಯವಾದುದರಿಂದ, ಹೆಚ್ಚುವರಿ ಕೆಲಸದ ದರವನ್ನೂ ಮುಂಚಿತವಾಗಿಯೇ ನಿರ್ಣಯಿಸುವುದು ಲೇಸು. 1872ರ ಕರಾರು ಕಾಯಿದೆಯು ಬಾಯಿಮಾತಿನ ಒಪ್ಪಂದವನ್ನೂ ಮಾನ್ಯ ಮಾಡುತ್ತದೆ, ನಿಜ; ಆದರೆ ಅದನ್ನು ರುಜುವಾತುಪಡಿಸುವ ಹೊರೆ ಸಾಮಾನ್ಯವಾದುದಲ್ಲ.

ಮುಂಗಡವು ಒಟ್ಟು ಮೊತ್ತದ ಹತ್ತನೆಯ ಒಂದು ಭಾಗದಷ್ಟಿದ್ದರೆ ಸಾಕು. ಅರ್ಧ ಹಣವನ್ನು ಮೊದಲೇ ಪಡೆದವನು ಅದರಿಂದ ಇನ್ನೊಬ್ಬರ ಮನೆಯ ಬಾಕಿ ಕೆಲಸ ಮುಗಿಸುವುದೂ, ನಮ್ಮ ಮನೆಯಲ್ಲಿ ಒಡೆದ ಗೋಡೆ ಹಾಗೆಯೇ ನಿಂತಿರುವುದೂ ಎಷ್ಟೋ ಕಡೆ ಕಾಣುವ ಸಂಗತಿ. ಉಳಿದುದನ್ನು ಕೊಳಾಯಿ, ವಿದ್ಯುತ್ತು, ಗಾರೆ, ನೆಲಹಾಸು, ಬಣ್ಣ ಎಂಬ ಹಂತಗಳಿಗೆ ಹಂಚಿ, ಕೊನೆಯ ಶೇಕಡಾ 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಮೊದಲೇ ಒಪ್ಪಿಸಿಕೊಳ್ಳಬೇಕು.

ಹಂತ ಮುಗಿಯಿತೆನ್ನುವುದಕ್ಕೆ ಮೇಸ್ತ್ರಿಯ ಮಾತಿನ ಜೊತೆಗೆ ಪರೀಕ್ಷೆಯೂ ಇರಬೇಕು. ಬಚ್ಚಲುಮನೆಯಲ್ಲಿ ನೀರುನಿರೋಧಕ ಲೇಪನವಾದ ಬಳಿಕ, ಟೈಲ್ಸು ಕೂರಿಸುವುದಕ್ಕೆ ಮುಂಚೆ, ನೀರು ಹೋಗುವ ಬಾಯನ್ನು ಭದ್ರವಾಗಿ ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, ಅದರ ಮಟ್ಟವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, 24ರಿಂದ 48 ಗಂಟೆ ಬಿಟ್ಟು ನೋಡಿರಿ. ಗೆರೆಯಿಂದ ನೀರು ಬಹಳ ಇಳಿದಿದ್ದರೆ, ಕೆಳಗಿನ ಮನೆಯ ಛಾವಣಿಯಲ್ಲಿ ತೇವದ ಕಲೆ ಮೂಡಿದ್ದರೆ, ಆ ಹಂತದ ಹಣಕ್ಕೆ ಇನ್ನೂ ಕಾಲ ಬಂದಿಲ್ಲವೆಂದೇ ತಿಳಿಯಿರಿ. ಇದೇ ದೋಷ ಟೈಲ್ಸು ಕೂತ ಮೇಲೆ ತಿಳಿದರೆ ನೆಲವನ್ನೆಲ್ಲ ಒಡೆಯಬೇಕಾಗುತ್ತದೆ. ಗಾರೆಯ ಹಣವೂ ಹಾಗೆಯೇ: ಕನಿಷ್ಠ 7 ದಿನ ನೀರುಣಿಸಿದ ಮೇಲೆಯೇ ಸಲ್ಲತಕ್ಕದ್ದು.

ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲಸದ ಹಣವನ್ನು ಒಂದು ದಿನವೂ ತಡೆಯುವುದು ಅನ್ಯಾಯ. ಶನಿವಾರದ ಬಟವಾಡೆಯನ್ನೇ ನಂಬಿ ವಾರದ ದಿನಸಿ ಕೊಳ್ಳುವ ಕೆಲಸಗಾರರು ಆ ಗುತ್ತಿಗೆದಾರನ ಹಿಂದೆ ಇದ್ದಾರೆ. ನಾವು ಮಾಡುವ ವಿಳಂಬದ ಬಿಸಿ ಮೊದಲು ತಟ್ಟುವುದು ಅವರಿಗೇ. ನಡುವೆ ಮನಸ್ಸು ಬದಲಾಯಿಸಿ ಕಟ್ಟಿದ್ದನ್ನು ಒಡೆಸಿದರೆ, ಅದರ ವೆಚ್ಚವೂ ನಮ್ಮದೇ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ, ಪ್ರತಿ ಕಂತಿಗೂ ರಸೀತಿ ಪಡೆಯಿರಿ. ಸೇವಾದೋಷ ಕಂಡುಬಂದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಲ್ಲಿ ಮೊದಲು ಕೇಳುವುದು ಈ ಕಾಗದಗಳನ್ನೇ.