ದೋಟಿ ಎತ್ತಲಾಗದ ತೋಳಿಗೆ ಯಾವ ಆಪರೇಷನ್?

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆ ಮಾವಿನ ಸುಗ್ಗಿ ಬಂತೆಂದರೆ ತೋಳಿಗೆ ಬಿಡುವಿಲ್ಲ. ದೋಟಿ ಹಿಡಿದು ತೋತಾಪುರಿ, ಬೇನಿಷಾ ಕೀಳಬೇಕು, ತುಂಬಿದ ಕ್ರೇಟು ಟೆಂಪೊಗೆ ಏರಿಸಬೇಕು. ಐವತ್ತು ದಾಟಿದವರಿಗೆ ಇಂಥ ಕೆಲಸದ ನಡುವೆಯೋ, ಬೈಕಿನಿಂದ ಬಿದ್ದಾಗಲೋ ಭುಜದೊಳಗಿನ ಸ್ನಾಯುರಜ್ಜು ಹರಿಯುವುದುಂಟು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗೇ ಕಾಣುತ್ತದೆ. ಎಣ್ಣೆ ನೀವುವುದು, ನೋವಿನ ಮಾತ್ರೆ, ಆಂಧ್ರದ ಪುತ್ತೂರು ಕಟ್ಟು ಎನ್ನುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಆದರೆ ಮೂಳೆಯಿಂದ ಕಿತ್ತುಬಂದ ರಜ್ಜುವನ್ನು ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಅದು ಹೋಗಿ ಮೂಳೆಗೆ ಕೂಡಿಕೊಳ್ಳದು.

ಭುಜದ ನೋವೆಲ್ಲ ಒಂದೇ ಅಲ್ಲ. ಬೇರೆಯವರು ಎತ್ತಿದರೂ ತೋಳು ಮೇಲೇಳದಿದ್ದರೆ ಅದು ಸಾಮಾನ್ಯವಾಗಿ ಫ್ರೋಜನ್ ಶೋಲ್ಡರ್. ರಜ್ಜು ದೊಡ್ಡದಾಗಿ ಹರಿದಿದ್ದರೆ ಇನ್ನೊಬ್ಬರು ಎತ್ತಿದಾಗ ತೋಳು ಸಲೀಸಾಗಿ ಏರುತ್ತದೆ, ಕೈಬಿಟ್ಟೊಡನೆ ದೊಪ್ಪನೆ ಬೀಳುತ್ತದೆ.

ಭುಜದ ಬಟ್ಟಲು ಆಳವಿಲ್ಲ. ತೋಳಿನ ಮೂಳೆಯ ಗುಂಡು ಅದರಿಂದ ಜಾರದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ಸುತ್ತಲೂ ಹಿಡಿದಿರುತ್ತವೆ. ಇದೇ ರೊಟೇಟರ್ ಕಫ್. ಹರುಕು 5 ಸೆಂ.ಮೀ. ಮೀರಿದರೆ, ಇಲ್ಲವೇ ಎರಡು ರಜ್ಜುಗಳು ಹೋಗಿದ್ದರೆ ವೈದ್ಯರು ಅದನ್ನು ಭಾರಿ ಹರುಕು ಎನ್ನುತ್ತಾರೆ.

ಎಂಆರ್‌ಐನಲ್ಲಿ ನೋಡುವುದು ಹರುಕಿನ ಅಳತೆಯನ್ನಷ್ಟೇ ಅಲ್ಲ. ಕೆಲಸವಿಲ್ಲದ ಸ್ನಾಯು ಸೊರಗಿ, ಅದರ ಜಾಗಕ್ಕೆ ಕೊಬ್ಬು ಸೇರುತ್ತದೆ. ಫ್ರಾನ್ಸಿನ ಗುಟಾಲಿಯೆ 1994ರಲ್ಲಿ ಇದಕ್ಕೆ 0ರಿಂದ 4ರವರೆಗೆ ದರ್ಜೆ ಕೊಟ್ಟರು. ಸ್ನಾಯುವಿಗಿಂತ ಕೊಬ್ಬೇ ಹೆಚ್ಚಾದ ಮೇಲೆ ಹೊಲಿದರೂ ಹಿಂದಿನ ಬಲ ಮರಳದು. ಹಾಗಾಗಿ, ಬಿದ್ದ ಮರುದಿನದಿಂದಲೇ ಕೈ ಏಳದವರು ಮಾತ್ರೆ ನುಂಗುತ್ತ ಕಾಯುವುದು ನಷ್ಟದ ಬಾಬತ್ತು.

ಸ್ನಾಯು ಇನ್ನೂ ಚೆನ್ನಾಗಿದ್ದರೆ ಹೊಲಿಗೆಯೇ ಮೊದಲ ದಾರಿ. ಬಾಸ್ಟನ್ನಿನ ಕಾಡ್‌ಮನ್ 1909ರಲ್ಲೇ ಇದನ್ನು ಮಾಡಿದ್ದರು. ಈಗ ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ, ಮೂಳೆಗೆ ದಾರವಿರುವ ಪುಟ್ಟ ಆಂಕರ್ ಕೂರಿಸಿ, ರಜ್ಜುವನ್ನು ಎಳೆದು ಕಟ್ಟುತ್ತಾರೆ. ಆದರೆ 2004ರ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಹೊಲಿದ 18 ದೊಡ್ಡ ಹರುಕುಗಳಲ್ಲಿ 17 ಮತ್ತೆ ಬಿಟ್ಟಿದ್ದವು! ವಿಚಿತ್ರವೆಂದರೆ ಹೆಚ್ಚಿನವರ ನೋವು ಮಾತ್ರ ತಗ್ಗಿತ್ತು. ಸಕ್ಕರೆ ಕಾಯಿಲೆ, ಬೀಡಿ ಎರಡೂ ರಜ್ಜು ಕೂಡಿಕೊಳ್ಳುವುದಕ್ಕೆ ಅಡ್ಡಿ.

ರಜ್ಜು ಎಳೆದರೂ ಬಾರದಷ್ಟು ಹಿಂದೆ ಸರಿದಿದ್ದರೆ? ಬಂದಷ್ಟನ್ನೇ ಹೊಲಿಯುವುದು ಒಂದು ಉಪಾಯ. ಕೀಲು ಸವೆಯದ, ದುಡಿಯುವ ವಯಸ್ಸಿನವರಿಗೆ ಬೆನ್ನಿನ ಸ್ನಾಯುವೊಂದರ ತುದಿ ಬಿಡಿಸಿ ಭುಜಕ್ಕೆ ಜೋಡಿಸುವುದುಂಟು. ಸ್ವಿಟ್ಜರ್‌ಲೆಂಡಿನ ಗರ್ಬರ್ 1988ರಲ್ಲಿ ಈ ವಿಧಾನ ಪ್ರಕಟಿಸಿದರು. ಜಪಾನಿನ ಮಿಹಾಟಾ ತೊಡೆಯ ಗಟ್ಟಿ ಪೊರೆಯಿಂದ ಕೀಲಿನ ಮೇಲ್ಭಾಗಕ್ಕೆ ತೇಪೆ ಹಾಕುವುದನ್ನು ಬೆಳೆಸಿದರು. ಭುಜದೊಳಗೆ ಬಲೂನು ಇಡುವ ಆಪರೇಷನ್ನಿನ ಬಗ್ಗೆ ಮಾತ್ರ ಎಚ್ಚರ: ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ ಬಲೂನಿಲ್ಲದೆ ಬರೀ ಒಳಗೆ ಶುಚಿಮಾಡಿಸಿಕೊಂಡವರೇ ಮೇಲಾಗಿದ್ದರೆಂದು 2022ರ ಲ್ಯಾನ್ಸೆಟ್ ವರದಿ ಹೇಳಿತು.

ವಯಸ್ಸಾಗಿ, ಕೀಲೂ ಸವೆದು, ತೋಳು ಏಳದೇ ಹೋದವರಿಗೆ ರಿವರ್ಸ್ ಶೋಲ್ಡರ್ ಇದೆ. ಮಾಮೂಲಿ ಕೃತಕ ಕೀಲಿನಲ್ಲಿ ಗುಂಡು ತೋಳಿನ ಕಡೆ, ಬಟ್ಟಲು ಹೆಗಲಿನ ಕಡೆ. ಆದರೆ ರೊಟೇಟರ್ ಕಫ್ ಇಲ್ಲದಾಗ ಆ ಗುಂಡು ಮೇಲಕ್ಕೆ ಜಾರುತ್ತದೆ. ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ಇದನ್ನು ತಿರುಗಾಮುರುಗಾ ಮಾಡಿದರು. ಹೆಗಲಿಗೆ ಗುಂಡು, ತೋಳಿಗೆ ಬಟ್ಟಲು. ಹೀಗೆ ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿದು, ಭುಜದ ಹೊರಗಿನ ಡೆಲ್ಟಾಯ್ಡ್ ಸ್ನಾಯು ಒಂದೇ ತೋಳೆತ್ತುವಷ್ಟು ಹಿಡಿತ ಪಡೆಯಿತು. ಆ ಸ್ನಾಯುವಿನ ನರವೇ ಸತ್ತಿದ್ದರೆ ಇದರಿಂದ ಪ್ರಯೋಜನವಿಲ್ಲ. ಕೀಲು ತಪ್ಪುವ, ಸೋಂಕಾಗುವ ಅಪಾಯವೂ ಇದೆ. ತಲೆ ಬಾಚಲು, ಊಟ ಮಾಡಲು ಕೈ ಒದಗುತ್ತದೆ. ಕ್ರೇಟು ಹೊರುವ ಆಸೆ ಬಿಡಬೇಕು.

ಈ ಭಾಗದವರಿಗೆ ಹತ್ತಿರದ ದೊಡ್ಡ ಮೂಳೆ ವಿಭಾಗವಿರುವುದು ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ. ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆಯಿದೆ. ಆಯುಷ್ಮಾನ್ ಕಾರ್ಡಿನಲ್ಲಿ ಯಾವ ಆಪರೇಷನ್, ಯಾವ ಇಂಪ್ಲಾಂಟ್ ಸೇರುತ್ತದೆ ಎಂದು ಆರೋಗ್ಯ ಮಿತ್ರರನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ದಿನ ಗೊತ್ತುಮಾಡುವಾಗ ತೋಟದ ಲೆಕ್ಕವನ್ನೂ ಹಾಕಬೇಕು. ಹೊಲಿಗೆಯಾದರೆ ಸುಮಾರು ಆರು ವಾರ ತೋಳು ಜೋಳಿಗೆಯಲ್ಲೇ ಇರಬೇಕು, ತೂಕದ ಕೆಲಸಕ್ಕೆ ಆರು ತಿಂಗಳಾದರೂ ಬಿಡುವು ಬೇಕು. ಹಳೆಯ ಹರುಕಾಗಿದ್ದರೆ ಸುಗ್ಗಿ ಮುಗಿದ ಆಗಸ್ಟ್‌ನಲ್ಲಿ ಮಾಡಿಸಿಕೊಳ್ಳಬಹುದು. ಹೂವಿಗೆ ಔಷಧಿ ಹೊಡೆಯಲು ಮಾತ್ರ ಬೇರೆ ಆಳು ನೋಡಬೇಕು. ಬಿದ್ದು ಹೊಸದಾಗಿ ಹರಿದದ್ದಾದರೆ ಸುಗ್ಗಿ ಮುಗಿಯಲೆಂದು ಕಾಯುವಂತಿಲ್ಲ.