ಚೌಕಳಿ ಬಟ್ಟೆ: ಈ ವರ್ಷದ ಟ್ರೆಂಡಾ, ಎಂದಿಗೂ ಸಲ್ಲುವಂಥದ್ದಾ?

ಈಗ ಮನೆ ಅಲಂಕಾರದ ರೀಲ್ಸ್ ನೋಡ್ತಾ ಹೋದರೆ ಎಲ್ಲೆಲ್ಲೂ ಚೆಕ್ಸ್. ಕುಶನ್ ಕವರ್ ಚೆಕ್ಸ್, ಟೇಬಲ್ ರನ್ನರ್ ಚೆಕ್ಸ್, ಅಡುಗೆಮನೆ ಕಿಟಕಿಯ ಅರ್ಧ ಪರದೆಯೂ ಚೆಕ್ಸ್. ಇದು ಇನ್ನೆರಡು ವರ್ಷಕ್ಕೆ ಹಳತಾಗುತ್ತೆ ಅಂತ ಒಬ್ಬರು ಹೇಳಿದರೆ, ಚೆಕ್ಸ್ ಎವರ್‌ಗ್ರೀನ್ ಅಂತಾರೆ ಇನ್ನೊಬ್ಬರು.

ಕಳೆದ ವರ್ಷ ಸಾಲ ಮಾಡಿ ಫ್ಲ್ಯಾಟ್ ತಗೊಂಡ ಮೇಲೆ ನನಗೂ ಹೆಂಡತಿಗೂ ಇದು ಬರೀ ಅಭಿರುಚಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ಪರದೆ, ಸೋಫಾ ಕವರ್ ಒಮ್ಮೆ ಹೊಲಿಸಿದರೆ ಏಳೆಂಟು ವರ್ಷ ಬರಬೇಕು. ಇಎಂಐ ಕಟ್ಟುವವರು ಟ್ರೆಂಡ್ ಬದಲಾದಾಗಲೆಲ್ಲ ಮನೆಯ ಬಟ್ಟೆ ಬದಲಿಸೋಕಾಗಲ್ಲ. ಹಾಗಾಗಿ ಒಂದಿಷ್ಟು ಓದಿದೆ, ಚಿಕ್ಕಪೇಟೆ ಸುತ್ತಿದೆ, ಮನೆಯ ಹಿರಿಯರನ್ನು ಕೇಳಿದೆ. ನನಗೆ ಸಿಕ್ಕ ಉತ್ತರ ಇಷ್ಟು: ಮಗ್ಗದಲ್ಲಿ ಹುಟ್ಟಿದ ಚೌಕಳಿ ಹಳತಾಗಲ್ಲ. ಹಳತಾಗೋದು ಆಯಾ ಕಾಲದ ಮಾರುಕಟ್ಟೆ ಅದಕ್ಕೆ ಅಂಟಿಸುವ ಹೆಸರು, ಅಳತೆ ಮತ್ತು ಬಣ್ಣ.

ಹಾಸು, ಹೊಕ್ಕು, ಚೌಕ

'ಹಾಸುಹೊಕ್ಕು' ಅನ್ನೋ ಮಾತನ್ನು ನಾವು ದಿನಾ ಬಳಸುತ್ತೇವೆ. ಮಗ್ಗದ ಉದ್ದಕ್ಕೆ ಹಾಸಿದ ದಾರ ಹಾಸು, ಲಾಳಿಯ ಜೊತೆ ಅಡ್ಡಕ್ಕೆ ಓಡುವ ದಾರ ಹೊಕ್ಕು. ಹಾಸಿನಲ್ಲಿ ಇಷ್ಟು ಎಳೆ ಕೆಂಪು, ಇಷ್ಟು ಎಳೆ ಬಿಳಿ ಅಂತ ಜೋಡಿಸಿ, ಹೊಕ್ಕಿನಲ್ಲೂ ಅದೇ ಲೆಕ್ಕ ಇಟ್ಟರೆ ಚೌಕ ತಾನಾಗಿ ಮೂಡುತ್ತೆ. ಕೆಂಪಿಗೆ ಕೆಂಪು ಸೇರಿದಲ್ಲಿ ಗಾಢ ಕೆಂಪು, ಬಿಳಿಗೆ ಬಿಳಿ ಸೇರಿದಲ್ಲಿ ಬಿಳಿ, ಎರಡೂ ಹೆಣೆದಲ್ಲಿ ತಿಳಿಗೆಂಪು. ಎರಡು ಬಣ್ಣದ ದಾರ, ಮೂರು ಛಾಯೆ. ಕೋಡ್ ಬರೆಯುವ ನನಗೆ ಇದು ಒಂದರೊಳಗೊಂದು ಇಟ್ಟ ಎರಡು ಲೂಪ್‌ಗಳ ಹಾಗೆ ಕಾಣುತ್ತೆ.

ಅಂದರೆ ಚೌಕಳಿಗೆ ಅಚ್ಚು ಬೇಡ, ಕಸೂತಿ ಬೇಡ. ಮಗ್ಗ ಮತ್ತು ಎರಡು ಬಣ್ಣದ ನೂಲು ಇದ್ದಲ್ಲೆಲ್ಲ ಅದು ಮೂಡಬಹುದು. ಅದಕ್ಕೇ ಸ್ಕಾಟ್ಲೆಂಡಿನ ಉಣ್ಣೆಯಲ್ಲೂ ಇದೆ, ಮದ್ರಾಸಿನ ಹತ್ತಿಯಲ್ಲೂ ಇದೆ, ನಮ್ಮ ಗಜೇಂದ್ರಗಡದ ಸೀರೆಯಲ್ಲೂ ಇದೆ.

ಬಟ್ಟೆ ಅದೇ, ಉಡುವವರು ಬೇರೆ

ಸ್ಕಾಟ್ಲೆಂಡಿನ ಕಥೆ ನೋಡಿ. ದಂಗೆಯ ನಂತರ ಬ್ರಿಟಿಷ್ ಸಂಸತ್ತು 1746ರ ಕಾಯ್ದೆಯಲ್ಲಿ ಅಲ್ಲಿನ ಬೆಟ್ಟನಾಡಿನ ಗಂಡಸರ ಸಾಂಪ್ರದಾಯಿಕ ಉಡುಪನ್ನೂ ಟಾರ್ಟನ್ ಚೌಕಳಿಯ ಮೇಲಂಗಿಯನ್ನೂ ನಿಷೇಧಿಸಿತು. 1782ರಲ್ಲಿ ನಿಷೇಧ ಹೋಯಿತು. 1822ರಲ್ಲಿ ಎಡಿನ್‌ಬರೋಗೆ ಬಂದಿದ್ದಾಗ ರಾಜ 4ನೇ ಜಾರ್ಜ್ ಅದೇ ಟಾರ್ಟನ್ ಧರಿಸಿದ. ಬಂಡುಕೋರರ ಬಟ್ಟೆ ಒಂದು ಶತಮಾನದೊಳಗೆ ಅರಮನೆಯ ಫ್ಯಾಷನ್ ಆಯಿತು.

ಮದ್ರಾಸ್ ಚೆಕ್ಸ್ ಇನ್ನೂ ಮಜಾ. ನಮ್ಮಲ್ಲಿ ಅದು ಲುಂಗಿ. 1960ರ ದಶಕದ ಅಮೆರಿಕದಲ್ಲಿ ಅದು ಕಾಲೇಜು ಹುಡುಗರ ಬೇಸಿಗೆ ಶರ್ಟು. ತೊಳೆದಾಗ ಬಣ್ಣ ಬಿಡುತ್ತಿತ್ತು. ಅಲ್ಲಿನ ಮಾರಾಟಗಾರರು ಅದನ್ನೇ ವಿಶೇಷ ಗುಣ ಅಂತ ಜಾಹೀರಾತು ಹಾಕಿ ಮಾರಿದರು!

ನಮ್ಮ ಮನೆಯ ಚೌಕಳಿ

ನನ್ನದು ಗದಗದ ಕಡೆಯ ಊರು. ಹಾಲ್‌ಗೆ ಚೆಕ್ಸ್ ಪರದೆ ಹಾಕೋಣ ಅಂದಾಗ ಅವ್ವ ನಕ್ಕಳು: "ಲುಂಗಿ ಅರಿವಿ ತಂದು ಕಿಡಕಿಗೆ ಕಟ್ತೀಯೇನಪಾ?" ಅವಳ ಮಟ್ಟಿಗೆ ಚೌಕಳಿ ಅಂದರೆ ಹೊಲದ ಕೆಲಸಕ್ಕೆ ಉಡೋದು. ಗಜೇಂದ್ರಗಡದ ಪಟ್ಟೇದ ಅಂಚು ಸೀರೆ ಅಂಥದ್ದೇ. ಒಡಲೆಲ್ಲ ಚೌಕಳಿ, ಎದ್ದು ಕಾಣುವ ಅಂಚು, ಎರಡೂ ಬದಿ ಉಡಬಹುದಾದ ಗಟ್ಟಿ ಹತ್ತಿ. ಸವದತ್ತಿ ಎಲ್ಲಮ್ಮನಿಗೂ ಅರ್ಪಿಸುತ್ತಿದ್ದರು. ನೇಯುವುದೇ ನಿಂತುಹೋಗುವಂತಿದ್ದ ಈ ಸೀರೆಗೆ ಈಚಿನ ವರ್ಷಗಳಲ್ಲಿ ಮತ್ತೆ ಜೀವ ಬಂದಿದೆ, ಈಗ ನಗರದ ಹೆಣ್ಣುಮಕ್ಕಳು ಹುಡುಕಿಕೊಂಡು ಕೊಳ್ಳುತ್ತಾರೆ.

ಹೆಂಡತಿಯ ಕಡೆಯವರು ಕರಾವಳಿಯವರು. ಅಲ್ಲಿ ಚೌಕಳಿ ಅಂದರೆ ಹೆಗಲ ಮೇಲಿನ ಬೈರಾಸು. ಜಿಐ ಮಾನ್ಯತೆ ಪಡೆದ ಉಡುಪಿ ಸೀರೆಯಲ್ಲೂ ತೆಳು ಹತ್ತಿಯ ಸಣ್ಣ ಚೌಕಳಿ ಇದೆ. ಅದನ್ನು ನೇಯುವವರು ತೀರಾ ಕಡಿಮೆಯಾಗಿದ್ದಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಅದನ್ನು ಎತ್ತಿ ನಿಲ್ಲಿಸಿದವು.

ನನ್ನನ್ನು ಕಾಡಿದ್ದು ಇದೇ. ಅವ್ವನಿಗೆ ಕೂಲಿಯ ಬಟ್ಟೆಯಾಗಿ ಕಾಣೋದನ್ನೇ ಮಾಲ್‌ನಲ್ಲಿ 'ಫಾರ್ಮ್‌ಹೌಸ್ ಚೆಕ್' ಅಂತ ಹೆಸರಿಟ್ಟು ದುಬಾರಿ ಬೆಲೆಗೆ ಮಾರ್ತಾರೆ. ಚೌಕಳಿ ಉಳಿಯುತ್ತೆ, ಸಂಶಯ ಇಲ್ಲ. ಅದನ್ನು ನೇಯ್ದ ಕೈಗಳು ಉಳಿಯುತ್ತವಾ ಅನ್ನೋದು ಬೇರೆ ಪ್ರಶ್ನೆ. 1985ರ ಕಾಯ್ದೆಯೊಂದು ಸೀರೆ, ಲುಂಗಿ, ಟವೆಲ್, ಬೆಡ್‌ಶೀಟ್, ಜಮಖಾನ ಸೇರಿ 11 ಬಗೆಯ ಬಟ್ಟೆಗಳನ್ನು ನಿಗದಿತ ಲಕ್ಷಣಗಳಿದ್ದಾಗ ಕೈಮಗ್ಗಕ್ಕೆ ಮೀಸಲಿಟ್ಟಿದೆ. ಆದರೂ ಪವರ್‌ಲೂಮ್ ಬಟ್ಟೆ 'ಹ್ಯಾಂಡ್‌ಲೂಮ್ ಲುಕ್' ಅನ್ನೋ ಹೆಸರಲ್ಲಿ ಪಕ್ಕದಲ್ಲೇ ಕೂತಿರುತ್ತೆ. ಕೈಮಗ್ಗದ್ದೇ ಬೇಕು ಅಂದರೆ 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕ್ ನೋಡಿ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳೂ ಇವೆ.

ಕೊಳ್ಳುವ ಮುನ್ನ

ನಮಗೆ ಉಪಯೋಗಕ್ಕೆ ಬಂದ ಕೆಲವು ಲೆಕ್ಕಗಳು:

ತಿರುಗಿಸಿ ನೋಡಿ. ನೇಯ್ದ ಚೌಕಳಿ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಪ್ರಿಂಟ್ ಆದರೆ ಹಿಂಬದಿ ಸಾಮಾನ್ಯವಾಗಿ ಮಂಕು. ಪ್ರಿಂಟ್‌ನ ಗೆರೆ ಎಷ್ಟೋ ಸಲ ನೂಲಿನ ದಾರಿಯಲ್ಲಿ ಇರಲ್ಲ, ಹೊಲಿದ ಮೇಲೆ ಪರದೆಯ ಅಂಚು ಸೊಟ್ಟ ಕಾಣುತ್ತೆ.

ಚೌಕದ ಅಳತೆ ಗಮನಿಸಿ. ಸಣ್ಣ ಚೌಕ ದೂರದಿಂದ ಒಂದೇ ಬಣ್ಣದಂತೆ ಕಾಣುತ್ತೆ, ಹಾಗಾಗಿ ಬೇಗ ಬೇಸರ ತರಲ್ಲ. ಅಂಗೈಗಿಂತ ದೊಡ್ಡ ಚೌಕ ಇಡೀ ಕೋಣೆಯನ್ನೇ ಆಳುತ್ತೆ. ಅದನ್ನು ಕುಶನ್‌ಗೆ ಮಾತ್ರ ಇಟ್ಟುಕೊಂಡರೆ ಬದಲಿಸೋದು ಸುಲಭ.

ದೊಡ್ಡ ಚೌಕಕ್ಕೆ ಬಟ್ಟೆ ಹೆಚ್ಚು ಬೇಕು. ಪಕ್ಕಪಕ್ಕದ ಪರದೆಗಳ ಗೆರೆ ಕೂಡಬೇಕಾದರೆ ಪ್ರತಿ ತುಂಡಿಗೂ ಒಂದು ಚೌಕದಷ್ಟು ಜಾಸ್ತಿ ಹಿಡಿಯಿರಿ.

ವಿಡಿಯೊ ಕಾಲ್ ಇರುವವರು ಬೆನ್ನ ಹಿಂದೆ ತೀರಾ ಸಣ್ಣ ಚೌಕಳಿ ಹಾಕಬೇಡಿ. ಕ್ಯಾಮೆರಾದಲ್ಲಿ ಗೆರೆಗಳು ಅಲೆ ಅಲೆಯಾಗಿ ಮಿನುಗಿ ಎದುರಿನವರ ಕಣ್ಣು ನೋಯಿಸುತ್ತವೆ.

ಹತ್ತಿ ಬಟ್ಟೆಯನ್ನು ಹೊಲಿಸುವ ಮುಂಚೆಯೇ ನೀರಿಗೆ ಹಾಕಿ ಒಣಗಿಸಿ. ಕುಗ್ಗೋದು ಆಗಲೇ ಕುಗ್ಗಲಿ. ಮೊದಲ ಒಂದೆರಡು ಸಲ ಬೇರೆಯಾಗಿ ತೊಳೆಯಿರಿ.

ಒಂದು ಕೋಣೆಗೆ ಒಂದೇ ಚೌಕಳಿ ಸಾಕು. ಉಳಿದದ್ದು ಅದೇ ಬಣ್ಣಗಳಲ್ಲಿ ಸಾದಾ ಇರಲಿ.

ನಾವು ಕೊನೆಗೆ ಹಾಲ್‌ಗೆ ನೀಲಿ-ಬಿಳಿಯ ಸಣ್ಣ ಚೌಕಳಿಯ ಕೈಮಗ್ಗದ ಬಟ್ಟೆ ತಂದೆವು. 'ಫಾರ್ಮ್‌ಹೌಸ್' ಹೆಸರಿನ ಪ್ರಿಂಟ್‌ಗಿಂತ ಮೀಟರಿಗೆ ಕಡಿಮೆಯೇ ಬಿತ್ತು. ನೀವೂ ಅಂಗಡಿಗೆ ಹೋಗುವ ಮುಂಚೆ ಮನೆಯ ಟ್ರಂಕು ಒಮ್ಮೆ ತೆಗೆದು ನೋಡಿ. ಅಜ್ಜಿಯ ಹಳೆಯ ಚೌಕಳಿ ಸೀರೆ ಒಂದಿದ್ದರೆ ಎರಡು ಕುಶನ್ ಕವರ್‌ಗೆ ಧಾರಾಳ ಸಾಕು. ಅಷ್ಟು ವರ್ಷ ಬಾಳಿದ ಬಟ್ಟೆಗೆ ಟ್ರೆಂಡ್ ಇದೆಯೋ ಇಲ್ಲವೋ ಅಂತ ಯಾರೂ ಕೇಳಲ್ಲ.