ಕಂಟ್ರೋಲರಿಗೆ ಹೊಸ ಪ್ರೋಗ್ರಾಂ: ಹಳೆ ಲೆಕ್ಕ ಏನಾಗುತ್ತೆ?

ನಮ್ಮ ಹಿರಿಯೂರು, ಹೊಸದುರ್ಗ ಕಡೆಯ ದಾಳಿಂಬೆಗಾಗಲಿ, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಅಡಿಕೆಗಾಗಲಿ ಡ್ರಿಪ್ ಹೊಸತಲ್ಲ. ಈಗ ವಾಲ್ವ್ ತೆರೆದು ಮುಚ್ಚಲು ಕಂಟ್ರೋಲರ್ ಪೆಟ್ಟಿಗೆಗಳೂ ಬಂದಿವೆ. ಯಾವ ವಾಲ್ವ್, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ ಅಂತ ಒಮ್ಮೆ ತುಂಬಿಸಿದರೆ ಕರೆಂಟು ಹೋದರೂ ಅದು ಮರೆಯೋದಿಲ್ಲ. ಆದರೆ ಪೆಟ್ಟಿಗೆ ಒಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಬದಲಾಯಿಸುವಾಗ ಎಚ್ಚರ ಬೇಕು.

ನನ್ನ ದಾಳಿಂಬೆ ತೋಟಕ್ಕೆ ಕಂಪೆನಿಯವರು ಬಂದು ಹೊಸ ಫರ್ಮ್‌ವೇರ್ ಹಾಕಿ ಹೋದರು. ಪರದೆ ಮೇಲೆ ಅಂಕಿಗಳೆಲ್ಲ ಹಾಗೇ ಇದ್ದವು. ಮೂರನೇ ದಿನ ಬುಡದ ಮಣ್ಣು ಒಣಗಿದ್ದು ಕಂಡು ಗಡಿಯಾರ ಹಿಡಿದು ವಾಲ್ವ್ ಪಕ್ಕ ನಿಂತೆ. 45 ನಿಮಿಷ ಬರಬೇಕಾದ ನೀರು 45 ಸೆಕೆಂಡಿಗೇ ನಿಂತಿತು! ಕಾಯಿ ಕಟ್ಟಿದ ಮೇಲೆ ನೀರು ಹೀಗೆ ಏರುಪೇರಾದರೆ ಕಾಯಿ ಸೀಳುತ್ತೆ ಅನ್ನೋದು ದಾಳಿಂಬೆ ಬೆಳೆದವರಿಗೆಲ್ಲ ಗೊತ್ತು.

ಇದು ಯಾಕಾಗುತ್ತೆ? ಪಹಣಿ ನೆನಪು ಮಾಡಿಕೊಳ್ಳಿ. 1-20 ಅಂದರೆ 1 ಎಕರೆ 20 ಗುಂಟೆ, ಒಂದೂವರೆ ಎಕರೆ. ಎಕರೆಗೆ 40 ಗುಂಟೆ ಅಂತ ತಿಳಿಯದವರು ಅದನ್ನೇ ದಶಾಂಶವಾಗಿ 1.20 ಅಂತ ಓದಿದರೆ 1 ಎಕರೆ 8 ಗುಂಟೆ ಆಗುತ್ತೆ. ಯಾರೂ ಏನೂ ಅಳಿಸಿಲ್ಲ, ಆದರೂ 12 ಗುಂಟೆ ಹೋಯಿತು. ಪೆಟ್ಟಿಗೆಯಲ್ಲೂ ಅಷ್ಟೆ. ನೆನಪಲ್ಲಿರುವುದು ಬರೀ ಅಂಕಿ. ಅದು ನಿಮಿಷವೋ ಸೆಕೆಂಡೋ, ಎಷ್ಟನೇ ವಾಲ್ವಿನದೋ ಅನ್ನೋದು ಪ್ರೋಗ್ರಾಮಿಗೆ ಮಾತ್ರ ಗೊತ್ತು.

ಸರಿಯಾಗಿ ಮಾಡಿದ ಪೆಟ್ಟಿಗೆಯಲ್ಲಿ ಲೆಕ್ಕದ ತಲೆಯಲ್ಲೇ ಒಂದು ಆವೃತ್ತಿ ಸಂಖ್ಯೆ ಇರುತ್ತೆ. ಹೊಸ ಪ್ರೋಗ್ರಾಂ ಮೊದಲು ಅದನ್ನು ನೋಡುತ್ತೆ. ಹಳೆಯದಾದರೆ 45 ನಿಮಿಷವನ್ನು 2,700 ಸೆಕೆಂಡು ಮಾಡಿ ಬರೆದುಕೊಳ್ಳುತ್ತೆ. ಗುರುತು ಸಿಗದಿದ್ದರೆ ಕೆಲಸ ನಿಲ್ಲಿಸಿ ನಮಗೆ ತಿಳಿಸುತ್ತೆ. ಈ ವ್ಯವಸ್ಥೆ ಇಲ್ಲದ ಪೆಟ್ಟಿಗೆ ಎಲ್ಲಾ ಅಳಿಸಿಬಿಡಬಹುದು, ಇಲ್ಲವೇ ತಪ್ಪಾಗಿ ಓದಬಹುದು. ಅಳಿಸಿದರೆ ಕೂಡಲೇ ಗೊತ್ತಾಗುತ್ತೆ. ತಪ್ಪು ಓದಿದರೆ ಗಿಡ ಬಾಡಿದ ಮೇಲೇ ಗೊತ್ತಾಗೋದು.

ಆದ್ದರಿಂದ ಹೀಗೆ ಮಾಡಿ:

1. ಬದಲಾಯಿಸುವ ಮುಂಚೆ ಪ್ರತಿ ವಾಲ್ವಿನ ಅಂಕಿಯನ್ನು ನಿಮಿಷ, ಲೀಟರ್ ಅಂತ ಅಳತೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀರು, ಗೊಬ್ಬರ ಕೊಟ್ಟ ಹಳೆ ದಾಖಲೆಯನ್ನು ಪೆನ್‌ಡ್ರೈವಿಗೋ ಮೊಬೈಲಿಗೋ ಇಳಿಸಿಕೊಳ್ಳಿ.

2. ಕಂಪೆನಿಯವರನ್ನು ಮೂರು ಮಾತು ಕೇಳಿ: ಹಳೆ ಲೆಕ್ಕ ಉಳಿಯುತ್ತಾ? ಅಳತೆ ಏನಾದರೂ ಬದಲಾಗಿದೆಯಾ? ಹೊಂದದಿದ್ದರೆ ಹಳೆ ಪ್ರೋಗ್ರಾಂ ವಾಪಸ್ ಹಾಕಬಹುದಾ? ಹೊಸದು ಬರೆದ ಲೆಕ್ಕ ಹಳೆಯದಕ್ಕೆ ಓದಲು ಬಾರದೆ ಹೋಗಬಹುದು. ಆಗ ಕೈಬರಹವೇ ದಿಕ್ಕು.

3. ಪ್ರೋಗ್ರಾಂ ಏರುತ್ತಿರುವಾಗ ಕರೆಂಟು ಕೈಕೊಡಬಾರದು. ಬ್ಯಾಟರಿ ಇಟ್ಟುಕೊಳ್ಳಿ.

4. ಮುಗಿದ ಮೇಲೆ ಪರದೆ ನಂಬಿ ಮನೆಗೆ ಹೋಗಬೇಡಿ. ಒಂದೊಂದೇ ವಾಲ್ವ್ ಓಡಿಸಿ, ಗಡಿಯಾರ ನೋಡಿ. ಒಂದು ಡ್ರಿಪ್ಪರಿನ ಕೆಳಗೆ ಪಾತ್ರೆ ಇಟ್ಟು ನೀರು ಅಳೆಯಿರಿ.

ತೊಂದರೆ ಏನೂ ಇಲ್ಲದಿದ್ದರೆ ಬೆಳೆ ಮಧ್ಯೆ ಬದಲಾಯಿಸುವ ಅವಸರ ಬೇಡ. ದಾಳಿಂಬೆಗಾದರೆ ಬಹಾರಿಗೆ ಮುಂಚೆ ನೀರು ನಿಲ್ಲಿಸಿದ ದಿನಗಳೇ ಇದಕ್ಕೆ ಸರಿಯಾದ ಹೊತ್ತು.